ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೋಗೆ ಹೊಸಬ್ರಾ? ಊರಲ್ಲಿ ಹೊಸ ಮನೆ ಕಟ್ಟೋದು ಬೇಡ ಅನ್ನೋ ಪೇಪರ್‌ಗೆ ಸಹಿ ಹಾಕೋ ಮುಂಚೆ ಇದನ್ನ ಓದಿ

ಊರಿಂದ ಬಂದವ್ರು ಮೊದ್ಲು ಕೇಳೋದೇ ಇದು, ಒಂದು ಬೆಡ್‌ರೂಮಿಗೆ ಇಷ್ಟು ಬಾಡಿಗೆನಾ ಅಂತ. ಕೆಲಸ ಬಂದಷ್ಟು ವೇಗವಾಗಿ ಇಲ್ಲಿ ಮನೆ ಕಟ್ಟೋಕೆ ಬಿಡಲಿಲ್ಲ, ಅದೇ ದೊಡ್ಡ ಕಾರಣ.

ವಾಲ್ಕೋ ಮಾಲ್ ಇದ್ದ ಜಾಗ ನೋಡಿ. ಅಲ್ಲಿ ಏನು ಕಟ್ಟಬೇಕು ಅಂತ 2016ರಲ್ಲಿ ಎರಡು ಪ್ರಸ್ತಾವ ವೋಟಿಗೆ ಬಂದ್ವು, ಎರಡೂ ಬಿದ್ದೋದ್ವು. 2018ರಲ್ಲಿ ಎಸ್‌ಬಿ 35 ಅನ್ನೋ ರಾಜ್ಯದ ಕಾನೂನಿನಡಿ 2,402 ಮನೆಗೆ ಅನುಮತಿ ಸಿಕ್ತು, ಅದ್ರಲ್ಲಿ ಅರ್ಧ ಕಡಿಮೆ ಆದಾಯದವ್ರಿಗೆ, ಆಮೇಲೆ ಅದೂ ಕೋರ್ಟಿಗೆ ಹೋಯ್ತು, 2020ರಲ್ಲಿ ತೀರ್ಪು ಕಟ್ಟೋರ ಪರ ಬಂದ್ರೂ ಜಾಗ ವರ್ಷಗಟ್ಟಲೆ ಖಾಲಿ ಬಿದ್ದಿತ್ತು. 2023ರಿಂದ 2031ರೊಳಗೆ 4,588 ಮನೆಗೆ ಜಾಗ ತೋರಿಸಿ ಅಂತ ರಾಜ್ಯ ಈ ಊರಿಗೆ ಹೇಳಿದೆ.

ನಿಮ್ಮ ಬಾಗಿಲಿಗೂ ಯಾರಾದ್ರೂ ಪೇಪರ್ ಹಿಡ್ಕೊಂಡು ಬರ್ತಾರೆ, ಟ್ರಾಫಿಕ್ ಜಾಸ್ತಿ ಆಗತ್ತೆ, ಸ್ಕೂಲ್ ತುಂಬಿ ಹೋಗತ್ತೆ ಅಂತ. ಒಳ್ಳೆ ಜನಾನೇ, ಎಷ್ಟೋ ಸಲ ನಮ್ಮವ್ರೇ, ಕಷ್ಟಪಟ್ಟು ಮನೆ ತಗೊಂಡವ್ರು. ಟ್ರಾಫಿಕ್ ಮಾತು ನಿಜ, ತಳ್ಳಿಹಾಕಬೇಡಿ. ಆದ್ರೆ ಸ್ಕೂಲ್ ವಿಷಯ ತಿಳ್ಕೊಂಡು ಮಾತಾಡಿ, ಇಲ್ಲಿನ ಸ್ಕೂಲ್ ಡಿಸ್ಟ್ರಿಕ್ಟ್, ಅಂದ್ರೆ ಸರ್ಕಾರಿ ಸ್ಕೂಲ್ ನಡೆಸೋ ಸಂಸ್ಥೆ, ಮಕ್ಕಳು ಕಡಿಮೆ ಆದ್ರು ಅಂತ 2022ರಲ್ಲಿ ಸ್ಕೂಲ್‌ಗಳನ್ನೇ ಮುಚ್ತು. ಚಿಕ್ಕ ಮಕ್ಕಳಿರೋ ಸಂಸಾರಕ್ಕೆ ಈ ಬೆಲೆಯಲ್ಲಿ ಮನೆ ಎಲ್ಲಿ ಸಿಗತ್ತೆ ಹೇಳಿ.

ಇನ್ನೊಂದು, 1978ರ ಪ್ರಾಪ್ 13, ರಾಜ್ಯದ ಆಸ್ತಿ ತೆರಿಗೆ ಕಾನೂನು. ಮನೆ ಕೈ ಬದಲಾಗೋವರೆಗೂ ತೆರಿಗೆ ಲೆಕ್ಕದ ಬೆಲೆ ವರ್ಷಕ್ಕೆ 2 ಪರ್ಸೆಂಟ್ ಮೇಲೆ ಏರಲ್ಲ, ಹಾಗಾಗಿ ಹಳಬ್ರಿಗೆ ಬೆಲೆ ಏರಿದ ಬಿಸಿ ಅಷ್ಟಾಗಿ ತಟ್ಟಲ್ಲ, ಅದು ತಟ್ಟೋದು ನಿಮಗೆ, ನನ್ನ ಮಗಳ ಟೀಚರ್‌ಗೆ. ಆಯಮ್ಮ ದಿನಾ ಟ್ರೇಸಿ ಅನ್ನೋ ದೂರದ ಊರಿಂದ ಕತ್ತಲಲ್ಲೇ ಹೊರಟು ಬರ್ತಿದ್ರು, ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯತ್ತೆ.

ಎಚ್1ಬಿಯವ್ರಿಗೆ ವೋಟಿಲ್ಲ, ಆದ್ರೆ ಬಾಯಿದೆ. ಸಿಟಿ ಕೌನ್ಸಿಲ್ ಮೀಟಿಂಗಲ್ಲಿ ಯಾರು ಬೇಕಾದ್ರೂ ಮಾತಾಡಬಹುದು, ವೀಸಾ ಕೇಳಲ್ಲ. ಅಜೆಂಡಾ 72 ಗಂಟೆ ಮುಂಚೆ ಹಾಕ್ತಾರೆ, ನೋಡ್ಕೊಂಡು ಹೋಗಿ, ಬಾಡಿಗೆ ಎಷ್ಟು ಕಟ್ತೀರಿ, ಎಷ್ಟು ಸಲ ಮನೆ ಬದಲಾಯಿಸಿದ್ರಿ ಅಷ್ಟು ಹೇಳಿ ಸಾಕು. ಬಾಡಿಗೆಯವ್ರು ಅಲ್ಲಿ ಎದ್ದು ನಿಲ್ಲೋದೇ ಕಡಿಮೆ. ಮೊದಲ ಸಲ ಭಯ ಆದ್ರೆ ಹೇಳಿ, ಜೊತೆಗೆ ನಾನೇ ಬರ್ತೀನಿ.