ಕಲಬುರಗಿಯ ನಮ್ಮ ಹಿತ್ತಲಿಗೆ ಹಕ್ಕಿಗಳು ಬಂದ ಬಗೆ

ಅಂಗಳಕ್ಕೆ ಒಂದು ಹಿಡಿ ಜೋಳ ಎರಚಿದರೆ ಪಾರಿವಾಳ ಬರುತ್ತವೆ, ಗುಬ್ಬಿ ಬರುತ್ತವೆ, ಅಷ್ಟೇ. ಸೂರಕ್ಕಿಗೆ, ಚಂದ್ರಮುಕುಟಕ್ಕೆ, ಸಿಂಪಿಗನಿಗೆ ಆ ಜೋಳದಿಂದ ಆಗಬೇಕಾದದ್ದು ಏನೂ ಇಲ್ಲ. ಒಂದಕ್ಕೆ ಮಕರಂದ ಬೇಕು, ಇನ್ನೊಂದಕ್ಕೆ ಮಣ್ಣಿನೊಳಗಿನ ಹುಳು ಬೇಕು, ಮತ್ತೊಂದಕ್ಕೆ ಎಲೆಯ ಅಡಿಯ ಕೀಟ ಬೇಕು. ಎಲ್ಲಕ್ಕೂ ಬೇಕಾದದ್ದು ಒಂದೇ, ನೀರು. ನಾನು ಹಿತ್ತಲನ್ನು ರೂಪಿಸುತ್ತ ಬಂದಿರುವುದು ಈ ತಿಳಿವಳಿಕೆಯ ಮೇಲೆಯೇ.

ನಮ್ಮ ಕಡೆಯ ಬಿಸಿಲಿನ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ. ಮೇ ತಿಂಗಳಲ್ಲಿ 42 ಡಿಗ್ರಿ ದಾಟಿದರೂ ಕಲಬುರಗಿಯಲ್ಲಿ ಯಾರೂ ಬೆರಗಾಗುವುದಿಲ್ಲ. ಹಕ್ಕಿಗಳಿಗೆ ಬೆವರಿನ ಗ್ರಂಥಿಗಳಿಲ್ಲ. ಕೊಕ್ಕು ತೆರೆದು ಏದುಸಿರು ಬಿಡುತ್ತ, ಮೈಯೊಳಗಿನ ನೀರನ್ನೇ ಆವಿಯಾಗಿಸಿ ತಂಪು ಮಾಡಿಕೊಳ್ಳುತ್ತವೆ. ಹಾಗೆ ಕಳೆದುಕೊಂಡದ್ದನ್ನು ಅವು ಮತ್ತೆ ತುಂಬಿಕೊಳ್ಳಲೇಬೇಕು. ಆದ್ದರಿಂದ ಬೇಸಿಗೆಯಲ್ಲಿ ನೀರಿನ ತಟ್ಟೆ ಒಂದು ದಿನವೂ ಒಣಗಬಾರದು.

ಬಕೆಟ್ಟು, ಕೊಡ ಬೇಡವೇ ಬೇಡ. ಆಳದ ನೀರಿನಲ್ಲಿ ಸಣ್ಣ ಹಕ್ಕಿಗಳು ಮುಳುಗುತ್ತವೆ. ನಾನು ಬಳಸುವುದು ಹೂಕುಂಡದ ಕೆಳಗಿಡುವ ಅಗಲವಾದ ಮಣ್ಣಿನ ತಟ್ಟೆ. ಎರಡು ಅಂಗುಲ ನೀರು, ನಡುವೆ ಕಾಲೂರಲು ಒಂದು ಒರಟು ಕಲ್ಲು. ಬಣ್ಣ ಬಳಿಯದ ಮಣ್ಣು ತುಸು ಜಿನುಗಿ ನೀರನ್ನು ತಂಪಾಗಿ ಇಡುತ್ತದೆ. ಸ್ಟೀಲ್ ತಟ್ಟೆಯಾದರೆ ಮಧ್ಯಾಹ್ನಕ್ಕೆ ಸುಡುತ್ತದೆ. ನಮ್ಮ ಅಂಗಳದ ಶಹಾಬಾದ್ ಕಲ್ಲಿನ ಹಾಸೂ ಹಾಗೆಯೇ ಕಾಯುವುದರಿಂದ ತಟ್ಟೆಯನ್ನು ಬೇವಿನ ನೆರಳಿನಲ್ಲಿ, ಇಟ್ಟಿಗೆ ಪೇರಿಸಿದ ಕಟ್ಟೆಯ ಮೇಲೆ ಇಟ್ಟಿದ್ದೇನೆ. ಅದರ ಸುತ್ತ ಏಳೆಂಟು ಅಡಿಯೊಳಗೆ ಪೊದೆ ಇರಗೊಡುವುದಿಲ್ಲ, ಬೆಕ್ಕು ಹೊಂಚು ಹಾಕುತ್ತದೆ. ಹಾರಿ ಕೂರಲು ಮೇಲೆ ಕೊಂಬೆ ಮಾತ್ರ ಇರಲೇಬೇಕು.

ಅಲುಗುವ ನೀರಿಗೆ ಇರುವ ಸೆಳೆತ ನಿಂತ ನೀರಿಗಿಲ್ಲ. ಶಿವನ ಗುಡಿಯಲ್ಲಿ ಲಿಂಗದ ಮೇಲೆ ತೂಗುವ ಧಾರಾಪಾತ್ರೆಯ ಹಾಗೆ ಒಂದು ಗಡಿಗೆಯ ತಳಕ್ಕೆ ಸಣ್ಣ ತೂತು ಕೊರೆದು, ಅದರಲ್ಲಿ ಹತ್ತಿಯ ಬತ್ತಿ ಸಿಕ್ಕಿಸಿ, ತಟ್ಟೆಯ ಮೇಲೆ ಕಟ್ಟಿದೆ. ಹನಿ ಬೀಳತೊಡಗಿದ ಮೇಲೆ ಪಿಕಳಾರಗಳ ಜೊತೆಗೆ ಸೂರಕ್ಕಿಗಳೂ ಇಳಿದವು. ಇನ್ನು ಸೊಳ್ಳೆಯ ಭಯ. ಡೆಂಗಿ ಹರಡುವ ಸೊಳ್ಳೆ ಪಾತ್ರೆಯ ಗೋಡೆಗೇ ಮೊಟ್ಟೆ ಅಂಟಿಸುತ್ತದೆ, ಆದ್ದರಿಂದ ನೀರು ಚೆಲ್ಲಿದರೆ ಸಾಲದು. ದಿನವೂ ತೆಂಗಿನ ನಾರಿನಿಂದ ತಟ್ಟೆಯನ್ನು ಉಜ್ಜಿ ತೊಳೆದೇ ಹೊಸ ನೀರು ತುಂಬುತ್ತೇನೆ.

ನೀರಿನ ನಂತರ ನಾನು ಹೆಚ್ಚು ನಂಬಿರುವುದು ತರಗೆಲೆಯನ್ನು. ಬೇವು ಎಲೆ ಉದುರಿಸುವ ಕಾಲದಲ್ಲಿ ಬೀದಿಯುದ್ದಕ್ಕೂ ಗುಡಿಸಿ ಬೆಂಕಿ ಇಡುವುದೇ ರೂಢಿ. ನಾನು ಎಲ್ಲವನ್ನೂ ಕಾಂಪೌಂಡಿನ ಮೂಲೆಗೆ ಸರಿಸಿ, ಆಗಾಗ ನೀರು ಚಿಮುಕಿಸಿ ಬಿಡುತ್ತೇನೆ. “ಹಾವು ಬಂದಾವು, ತಂಗಿ” ಎಂದು ಪಕ್ಕದ ಮನೆಯ ಕಾಕಾ ಎಚ್ಚರಿಸಿದರು. ಅವರ ಮಾತಿನಲ್ಲೂ ನಿಜವಿದೆ. ರಾಶಿಯನ್ನು ಬಾಗಿಲಿನಿಂದ ದೂರ, ತೆಳುವಾಗಿ ಹರಡಿ ಇಡುವುದು ಅದಕ್ಕಾಗಿಯೇ. ಎಲೆಯ ಅಡಿಯಲ್ಲಿ ಹುಳು, ಗೆದ್ದಲು ಸೇರಿಕೊಂಡವು. ಅವನ್ನು ಹುಡುಕಿ ಹರಟೆಮಲ್ಲಗಳ ಗುಂಪು ಗಲಾಟೆ ಮಾಡುತ್ತ ಬಂದಿತು, ತೇವದ ಮಣ್ಣಿಗೆ ಕೊಕ್ಕು ಚುಚ್ಚುತ್ತ ಚಂದ್ರಮುಕುಟ ಬಂದಿತು. ಹರಟೆಮಲ್ಲ ಗೂಡು ಕಟ್ಟಿದಲ್ಲಿಗೆ ಮುಂಗಾರಿನ ಹೊತ್ತಿಗೆ ಚಾತಕವೂ ಬರುತ್ತದೆ, ಏಕೆಂದರೆ ಅದು ಮೊಟ್ಟೆ ಇಡುವುದೇ ಹರಟೆಮಲ್ಲಗಳ ಗೂಡಿನಲ್ಲಿ. ಕವಿಗಳು ಹಾಡಿದ ಆ ಹಕ್ಕಿಯನ್ನು ನಮ್ಮ ಬೇವಿನಲ್ಲೇ ಕಂಡಾಗ ನನಗಾದ ಸಂತೋಷ ದೊಡ್ಡದು.

ಹಿತ್ತಲಿನಲ್ಲಿ ಕೀಟನಾಶಕ ಹೊಡೆಯುವುದಿಲ್ಲ. ಕಾಳು ತಿನ್ನುವ ಗುಬ್ಬಿಯೂ ಮರಿಗಳಿಗೆ ಮೊದಲ ದಿನಗಳಲ್ಲಿ ಉಣಿಸುವುದು ಮೆತ್ತನೆಯ ಹುಳುಗಳನ್ನೇ. ಕರಿಬೇವಿನ ಎಲೆ ಒಂದಿಷ್ಟು ತೂತಾದರೆ ಆಗಲಿ.

ಗಿಡಗಳ ಪಟ್ಟಿ ದೊಡ್ಡದೇನಲ್ಲ. ದಾಳಿಂಬೆ, ದಾಸವಾಳ ಸೂರಕ್ಕಿಗೆ; ಕರಿಬೇವಿನ ಕಪ್ಪು ಹಣ್ಣು ಪಿಕಳಾರ, ಕೋಗಿಲೆಗಳಿಗೆ. ಪೇರಲದ ತುದಿಯ ಹಣ್ಣುಗಳನ್ನು ಗಿಳಿಗಳಿಗೆ ಬಿಟ್ಟಿದ್ದೇನೆ. ಜಾಗ ಕಡಿಮೆ ಇದ್ದವರು ಗಸಗಸೆ ಹಣ್ಣಿನ ಗಿಡವೊಂದನ್ನು ನೆಟ್ಟರೂ ಸಾಕು. ಬೇಗ ಬೆಳೆಯುತ್ತದೆ, ಹೆಚ್ಚುಕಡಿಮೆ ವರ್ಷವಿಡೀ ಹಣ್ಣು ಬಿಡುತ್ತದೆ. ಸಿಂಪಿಗನಿಗೆ ಅಗಲ ಎಲೆಯ ಗಿಡ ಬೇಕು, ಎಲೆಗಳನ್ನು ಸೇರಿಸಿ ಹೊಲಿದೇ ಅದು ಗೂಡು ಮಾಡುವುದು. ಕಾಳನ್ನು ನಾನು ಬಿಟ್ಟಿಲ್ಲ. ಅತ್ತೆ ಮೊರದಲ್ಲಿ ಕೇರಿ ತೆಗೆದ ಜೋಳದ ನುಚ್ಚು, ನವಣೆ, ಸಜ್ಜೆಯನ್ನು ಬೆಳಿಗ್ಗೆ ಸ್ವಲ್ಪವೇ, ಅವು ತಿಂದು ಮುಗಿಸುವಷ್ಟೇ ಹಾಕುತ್ತೇನೆ. ಉಳಿದರೆ ಇಲಿ ಬರುತ್ತವೆ.

ಗುಬ್ಬಿಗೆ ಮರದ ಪೆಟ್ಟಿಗೆಯನ್ನು ಹತ್ತಡಿ ಎತ್ತರದಲ್ಲಿ, ಉತ್ತರದ ಗೋಡೆಗೆ ಹೊಡೆಸಿದ್ದೇನೆ. ಬಾಯಿ 32 ಮಿಲಿಮೀಟರ್. ಅದಕ್ಕಿಂತ ದೊಡ್ಡದಾದರೆ ಗೊರವಂಕ ನುಗ್ಗುತ್ತದೆ. ಬಾಯಿಯ ಮುಂದೆ ಕೂರುವ ಕಡ್ಡಿ ಬೇಡ, ಅದು ಕಾಗೆಗೇ ಅನುಕೂಲ. ತಗಡಿನ ಡಬ್ಬಿಯನ್ನಂತೂ ನಮ್ಮ ಬಿಸಿಲಿನಲ್ಲಿ ಯಾರೂ ಕಟ್ಟಬಾರದು, ಮರಿಗಳು ಒಳಗೇ ಬೆಂದುಹೋಗುತ್ತವೆ.

ಮರಿಗಳ ಕಾಲದಲ್ಲಿ ಇನ್ನೊಂದು ಮಾತು ನೆನಪಿರಲಿ. ಪುಕ್ಕ ಮೂಡಿದ, ಇನ್ನೂ ಸರಿಯಾಗಿ ಹಾರಲಾರದ ಮರಿ ನೆಲದಲ್ಲಿ ಸಿಕ್ಕರೆ ಮನೆಯೊಳಗೆ ತರಬೇಡಿ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬುದು ಸುಳ್ಳು. ಬೆಕ್ಕಿಗೆ ಎಟುಕದ ಕೊಂಬೆಯ ಮೇಲೆ ಕೂರಿಸಿ ದೂರ ಸರಿಯಿರಿ. ತಂದೆತಾಯಿಗಳು ಹತ್ತಿರದಲ್ಲೇ ಇರುತ್ತವೆ, ಬಂದು ಉಣಿಸುತ್ತವೆ.