ಕಡಲ ಬದಿಯ ಮನೆಗೆ ಎರಡು ಪಟ್ಟು ತೆರಿಗೆ

2025ರ ಮಾರ್ಚ್‌ನಲ್ಲಿ ಬಂದ ಬಿಲ್ಲು ನೋಡಿ ಅಚ್ಚಿನ ತಪ್ಪಿರಬೇಕು ಎಂದುಕೊಂಡೆ. ನಾವು ಇರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ರಜೆಗೆ ಹೋಗಿ ಇರಲೆಂದು ಯಾರ್ಕ್‌ಷೈರ್ ಕರಾವಳಿಯಲ್ಲಿ ಕೊಂಡ ಪುಟ್ಟ ಮನೆಗೆ ವರ್ಷಕ್ಕೆ ಸುಮಾರು 2,100 ಪೌಂಡ್ ಕೌನ್ಸಿಲ್ ತೆರಿಗೆ, ಅಂದರೆ ಸ್ಥಳೀಯ ಆಡಳಿತ ಹಾಕುವ ಮನೆ ಕಂದಾಯ. ಈ ಸಲ ಅದರ ಕೆಳಗೆ ಅಷ್ಟೇ ಮೊತ್ತದ ಇನ್ನೊಂದು ಸಾಲು: ಎರಡನೇ ಮನೆಯ ಹೆಚ್ಚುವರಿ. ಒಟ್ಟು 4,200. ಹತ್ತು ಕಂತು, ತಿಂಗಳಿಗೆ 420.

ತಪ್ಪೇನೂ ಆಗಿರಲಿಲ್ಲ. ಯಾರಿಗೂ ಕಾಯಂ ವಾಸಸ್ಥಳವಲ್ಲದ, ಆದರೆ ಸಾಮಾನು ಸರಂಜಾಮು ಇರುವ ಮನೆಗೆ ಶೇ. 100ರವರೆಗೆ ಹೆಚ್ಚು ತೆರಿಗೆ ಹಾಕಲು ಇಂಗ್ಲೆಂಡಿನ ಕೌನ್ಸಿಲ್‌ಗಳಿಗೆ 2025ರ ಏಪ್ರಿಲ್ 1ರಿಂದ ಅವಕಾಶವಿದೆ. ಒಂದು ವರ್ಷ ಮೊದಲೇ ನಿರ್ಣಯ ಮಾಡಿರಬೇಕು. ಆ ಮನೆಯಿರುವ ಕಡೆಯ ಕೌನ್ಸಿಲ್‌ನವರು ಮಾಡಿದ್ದರು, ನಾನು ಗಮನಿಸಿರಲಿಲ್ಲ. ಊರಿನಲ್ಲಿ ಅಪ್ಪ ಏಪ್ರಿಲ್‌ನಲ್ಲೇ ಪುರಸಭೆಗೆ ಹೋಗಿ ಶೇ. 5ರ ರಿಯಾಯಿತಿಯೊಂದಿಗೆ ಕಂದಾಯ ಕಟ್ಟಿ, ರಸೀದಿಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು ಬರುತ್ತಿದ್ದರು. ಅವರ ಮಗ ನಾನು.

“ಮಂಚ, ಸೋಫಾ ಎಲ್ಲ ಎತ್ತಿಸಿಬಿಡಿ, ಆಗ ಅದು ಎರಡನೇ ಮನೆ ಹೇಗಾಗುತ್ತದೆ?” ಎಂದಳು ಹೆಂಡತಿ. ಕಾನೂನಿನ ಪ್ರಕಾರ ಅವಳ ಮಾತು ಸರಿಯೇ. ಆದರೆ ಆಗ ಅದು ಖಾಲಿ ಮನೆಯಾಗುತ್ತದೆ, ಒಂದು ವರ್ಷ ಕಳೆದರೆ ಖಾಲಿ ಮನೆಗೂ ಹೆಚ್ಚುವರಿ ಬೀಳುತ್ತದೆ. ಮಂಚ ಇಡುವ ಗೋದಾಮಿನ ಬಾಡಿಗೆ ಬೇರೆ. ಪ್ರವಾಸಿಗರಿಗೆ ಕೊಟ್ಟು ಕೌನ್ಸಿಲ್ ತೆರಿಗೆಯಿಂದ ವ್ಯಾಪಾರದ ತೆರಿಗೆಗೆ ಬದಲಾಗಬೇಕೆಂದರೆ ವರ್ಷಕ್ಕೆ 140 ರಾತ್ರಿ ಬಾಡಿಗೆಗೆ ತೆರೆದಿಟ್ಟು, ಅದರಲ್ಲಿ 70 ರಾತ್ರಿಯಾದರೂ ನಿಜವಾಗಿ ಬಾಡಿಗೆಗೆ ಹೋಗಿರಬೇಕು. ಹಾಸಿಗೆಯ ಹೊದಿಕೆ ಬದಲಿಸಲು ವಾರವಾರವೂ ಕಾರು ಓಡಿಸುವುದು ನನ್ನಿಂದಾಗದು. ಹೆಂಡತಿ ಅಲ್ಲೇ ವಾಸವಿದ್ದಾಳೆ ಎಂದು ಬರೆದುಕೊಡಿ ಎಂದು ಗೆಳೆಯರೊಬ್ಬರು ಸಲಹೆ ಕೊಟ್ಟರು. ಅದು ವಂಚನೆ. ಆ ಮಾತನ್ನು ಅಲ್ಲಿಗೇ ಬಿಟ್ಟೆವು.

ವರ್ಷಕ್ಕೆ ಮೂವತ್ತು ದಿನವೂ ಇರದ ಮನೆ ಅದು. ಮಾರುವುದೆಂದು ತೀರ್ಮಾನವಾಯಿತು. ಮಾರಾಟಕ್ಕಿಟ್ಟ ಮನೆಗೆ ಹೆಚ್ಚೆಂದರೆ 12 ತಿಂಗಳು ಈ ಹೆಚ್ಚುವರಿಯಿಂದ ವಿನಾಯಿತಿ ಉಂಟು. ಮೂಲ ತೆರಿಗೆಯನ್ನು ಕಟ್ಟಲೇಬೇಕು. ಬಾಗಿಲಿಗೆ ಫಲಕ ತಗುಲಿಸಿದ ಮಾತ್ರಕ್ಕೆ ವಿನಾಯಿತಿ ಸಿಗುವುದಿಲ್ಲ. ಆ ಬೀದಿಯಲ್ಲಿ ನಡೆಯುವ ಬೆಲೆ ಇರಬೇಕು, ಮಾರಾಟದ ಪ್ರಯತ್ನ ನಿಜವಾಗಿರಬೇಕು. ಜೂನ್ 10ಕ್ಕೆ ಜಾಹೀರಾತು ಹೊರಬಿತ್ತು. ಏಜೆಂಟರೊಂದಿಗಿನ ಒಪ್ಪಂದ, ಜಾಹೀರಾತಿನ ಪ್ರತಿ, ಮನೆ ನೋಡಲು ಬಂದವರ ದಿನಾಂಕಗಳು ಇಷ್ಟನ್ನು ಒಂದೇ ಇಮೇಲ್‌ನಲ್ಲಿ ಕೌನ್ಸಿಲ್‌ಗೆ ಕಳಿಸಿದೆ. ಉತ್ತರ ಬರುವವರೆಗೆ ಕಂತು ನಿಲ್ಲಿಸಲಿಲ್ಲ. ತಕರಾರಿದೆ ಎಂದು ಕಟ್ಟದೇ ಕುಳಿತರೆ ವಸೂಲಿಯ ನೋಟಿಸು ಬರುತ್ತದೆ.

ಪರಿಷ್ಕೃತ ಬಿಲ್ಲಿನಲ್ಲಿ ಹೆಚ್ಚುವರಿ ಇದ್ದದ್ದು ಏಪ್ರಿಲ್ 1ರಿಂದ ಜೂನ್ 9ರವರೆಗಿನ ಎಪ್ಪತ್ತು ದಿನಕ್ಕೆ ಮಾತ್ರ, ಸುಮಾರು 403 ಪೌಂಡ್. ಅಷ್ಟರಲ್ಲಿ ಮೂರು ಕಂತು, ಅಂದರೆ 1,260 ಕಟ್ಟಿಯಾಗಿತ್ತು. ಉಳಿದ ಏಳು ಕಂತುಗಳು ತಲಾ 178 ಪೌಂಡಿಗೆ ಇಳಿದವು. ಏಪ್ರಿಲ್ ಮೊದಲ ವಾರವೇ ಮನೆಯನ್ನು ಮಾರಾಟಕ್ಕೆ ಇಟ್ಟಿದ್ದರೆ ಆ 403ರಲ್ಲಿ ಬಹುಪಾಲು ಉಳಿಯುತ್ತಿತ್ತು ಎಂದು ಹೆಂಡತಿ ಲೆಕ್ಕ ಹಾಕಿ ತೋರಿಸಿದಳು. ಲೆಕ್ಕ ಬರೆದದ್ದು ಬಿಲ್ಲು ಬಂದ ಲಕೋಟೆಯ ಹಿಂಬದಿಯಲ್ಲೇ.