ಕಿಟಕಿ ಪಕ್ಕದ ಡೆಂಡ್ರೋಬಿಯಂ: ಮನೆಯೊಳಗೆ ಬೆಳೆಸಿ ಹೂ ಬಿಡಿಸುವ ಕ್ರಮ

ನರ್ಸರಿಯಿಂದ ತಂದಾಗ ಎರಡು ತಿಂಗಳು ಹೂ ತುಂಬಿಕೊಂಡು ನಿಂತ ಡೆಂಡ್ರೋಬಿಯಂ ಆರ್ಕಿಡ್ ಆಮೇಲೆ ವರ್ಷಗಟ್ಟಲೆ ಬರೀ ಎಲೆ ಬಿಟ್ಟುಕೊಂಡು ಕೂರುವುದು ಎಲ್ಲ ಕಡೆ ಕೇಳಿಬರುವ ದೂರು. ಕೂಡಲೇ ಗೊಬ್ಬರ ಬದಲಿಸಬೇಡಿ. ಹೆಚ್ಚಿನ ಸಲ ತೊಂದರೆ ಇರುವುದು ಬೆಳಕಿನಲ್ಲಿ, ಉಳಿದಂತೆ ಬೇರಿನಲ್ಲಿ. ಹೊಸ ಕುಡಿ ಕಾಂಡವಾಗಿ ಬಲಿಯುವ ಆರೇಳು ತಿಂಗಳು ಸಾಕಷ್ಟು ಬೆಳಕು ಸಿಕ್ಕಿದ್ದರೆ ಹೂ ಬಂದೇ ಬರುತ್ತದೆ. ಆ ತಿಂಗಳುಗಳನ್ನು ಗಿಡ ಸೋಫಾ ಪಕ್ಕದಲ್ಲಿ ಕಳೆದಿದ್ದರೆ ಆಮೇಲೆ ಯಾವ ಪುಡಿ ಹಾಕಿದರೂ ಬರುವುದಿಲ್ಲ.

ಮೊದಲು ನಿಮ್ಮ ಗಿಡ ಯಾವ ಗುಂಪಿನದು ನೋಡಿಕೊಳ್ಳಿ. ನಮ್ಮ ನರ್ಸರಿಗಳಲ್ಲಿ ಸಿಗುವ ಹೆಚ್ಚಿನವು ಡೆಂಡ್ರೋಬಿಯಂ ಬಿಗಿಬ್ಬಮ್ ಮೂಲದ ಮಿಶ್ರತಳಿಗಳು. ವ್ಯಾಪಾರದವರು ಇವನ್ನು ಡೆನ್‌ಫಾಲ್ ಎನ್ನುತ್ತಾರೆ. ನೇರಳೆ-ಬಿಳಿಯ ಸೋನಿಯಾ, ಅಚ್ಚ ಬಿಳಿಯ ಎಮ್ಮಾ ವೈಟ್ ಇದೇ ಗುಂಪಿನವು. ಕಾಂಡದ ತುದಿಯ ಹತ್ತಿರದಿಂದ ಉದ್ದನೆಯ ಹೂದಂಟು ಬಾಗಿ ಬರುತ್ತದೆ, ಎಲೆ ವರ್ಷವಿಡೀ ಉಳಿಯುತ್ತದೆ. ಇನ್ನೊಂದು ನೋಬಿಲೆ ಗುಂಪು. ಹಿಮಾಲಯದ ತಪ್ಪಲಿನ ಮೂಲದ್ದು, ಕಾಂಡದ ಉದ್ದಕ್ಕೂ ಗೆಣ್ಣು ಗೆಣ್ಣಿನಲ್ಲಿ ಹೂ ಅಂಟಿಕೊಂಡಂತೆ ಬಿಡುತ್ತದೆ. ಅದಕ್ಕೆ ಚಳಿಗಾಲದಲ್ಲಿ ಕೆಲವು ವಾರ 10ರಿಂದ 13 ಡಿಗ್ರಿಯ ರಾತ್ರಿ ಬೇಕು, ಆಗ ನೀರನ್ನೂ ಬಹುತೇಕ ನಿಲ್ಲಿಸಬೇಕು. ಮಂಗಳೂರು, ಉಡುಪಿಯಲ್ಲಿ ಅದನ್ನು ಕೊಳ್ಳುವುದು ದಂಡ. ಕೊಡಗು, ಚಿಕ್ಕಮಗಳೂರಿನ ಎತ್ತರದ ಊರುಗಳಲ್ಲಿ ಪ್ರಯತ್ನಿಸಬಹುದು. ಮುಂದೆ ಹೇಳುವುದೆಲ್ಲ ಡೆನ್‌ಫಾಲ್ ಗುಂಪಿಗೆ. ಅವುಗಳಿಗೆ ಹಗಲು 25ರಿಂದ 32, ರಾತ್ರಿ 18ರ ಆಸುಪಾಸು ಹಿತ. ಬೆಂಗಳೂರಿನ ಡಿಸೆಂಬರ್ ರಾತ್ರಿಯ 15 ಡಿಗ್ರಿಯನ್ನೂ ತಾಳಿಕೊಳ್ಳುತ್ತವೆ.

ಬೆಳಕು

"ದಕ್ಷಿಣದ ಕಿಟಕಿಯಲ್ಲಿಡಿ" ಎಂಬ ಸಲಹೆ ತಂಪು ದೇಶಗಳಿಂದ ಬಂದದ್ದು. ನಮ್ಮಲ್ಲಿ ಅದು ಅರ್ಧ ವರ್ಷಕ್ಕೆ ಮಾತ್ರ ಸರಿ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ. ಕಾಂಡ ಬೆಳೆಯುವುದು ಸರಿಯಾಗಿ ಆ ತಿಂಗಳುಗಳಲ್ಲಿ. ಆಗಲೇ ದಕ್ಷಿಣದ ಕಿಟಕಿಗೆ, ಅದರಲ್ಲೂ ಮೇಲೆ ಸಜ್ಜಾ ಇದ್ದರೆ, ನೇರ ಬಿಸಿಲು ಬರುವುದಿಲ್ಲ. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಅದೇ ಕಿಟಕಿ ಬಹಳ ಒಳ್ಳೆಯದು. ವರ್ಷವಿಡೀ ನಂಬಬಹುದಾದದ್ದು ಪೂರ್ವದ ಕಿಟಕಿ: ಬೆಳಗಿನ ಹತ್ತು ಗಂಟೆಯವರೆಗಿನ ಬಿಸಿಲು ಎಲೆಯ ಮೇಲೆ ಬಿದ್ದರೆ ಏನೂ ಆಗುವುದಿಲ್ಲ, ಬೀಳಲೇಬೇಕು. ಪಶ್ಚಿಮದ ಕಿಟಕಿಯಾದರೆ ಮಾರ್ಚ್‌ನಿಂದ ಮೇವರೆಗೆ ಶೇ. 50ರ ನೆರಳು ಬಲೆ ಅಥವಾ ತೆಳು ಬಿಳಿ ಪರದೆ ಕಟ್ಟಿ.

ಕುಂಡ ಗಾಜಿನಿಂದ ಒಂದು ಅಡಿಯೊಳಗೆ ಇರಲಿ. ನಾಲ್ಕು ಅಡಿ ಒಳಗೆ ಸರಿಸಿದರೆ ನಮ್ಮ ಕಣ್ಣಿಗೆ ಅಷ್ಟೇ ಬೆಳಕು ಕಂಡರೂ ಗಿಡದ ಪಾಲಿಗೆ ಅದು ಕತ್ತಲೆ. ಈ ಗುಂಪಿಗೆ ಬೇಕಾದದ್ದು ಸುಮಾರು 15,000ದಿಂದ 30,000 ಲಕ್ಸ್. ಮೊಬೈಲಿನ ಲಕ್ಸ್ ಮೀಟರ್ ಆ್ಯಪ್ ನಿಖರವಲ್ಲ, ಆದರೆ ಎರಡು ಜಾಗ ಹೋಲಿಸಿ ನೋಡಲು ಸಾಕು. ಅದಕ್ಕಿಂತ ಒಳ್ಳೆಯ ಮೀಟರ್ ಎಲೆ. ಕಡು ಹಸಿರಾಗಿ, ಮೆತ್ತಗೆ ಉದ್ದವಾಗಿ ಬೆಳೆದಿದ್ದರೆ ಬೆಳಕು ಕಡಿಮೆ. ನೋಡಲು ಚೆನ್ನಾಗಿರುವ ಆ ಬಣ್ಣ ಹೂ ಇಲ್ಲದ ವರ್ಷದ ಗುರುತು. ತುಸು ಹಳದಿ ಬೆರೆತ ತಿಳಿ ಹಸಿರು ಸರಿಯಾದ ಬಣ್ಣ. ಅಂಚಿಗೆ ಕೆಂಪು ಬಂದರೆ ಮಿತಿ ಮುಟ್ಟಿದೆ. ಮಧ್ಯಾಹ್ನ ಎಲೆ ಮುಟ್ಟಿ ನೋಡಿ, ಕೈಗೆ ಬಿಸಿ ತಾಗಿದರೆ ಸುಡುವುದಕ್ಕೆ ಮೊದಲು ಸರಿಸಿ.

ಅಂಥ ಕಿಟಕಿಯೇ ಇಲ್ಲದ ಫ್ಲ್ಯಾಟಿನಲ್ಲಿ 30ರಿಂದ 40 ವ್ಯಾಟ್‌ನ ಬಿಳಿ ಎಲ್‌ಇಡಿ ಗ್ರೋ ಲೈಟನ್ನು ಗಿಡದ ತುದಿಯಿಂದ ಒಂದು ಅಡಿ ಮೇಲೆ, ದಿನಕ್ಕೆ 12ರಿಂದ 14 ಗಂಟೆ ಉರಿಸಬೇಕು. ಒಂದು ದೀಪಕ್ಕೆ ಎರಡು ಮೂರು ಗಿಡಕ್ಕಿಂತ ಹೆಚ್ಚು ಬೇಡ.

ಕುಂಡ, ಇದ್ದಿಲು, ಬೇರು

ಮಣ್ಣು ಬೇಡವೇ ಬೇಡ. ಇದು ಮರದ ತೊಗಟೆಗೆ ಅಂಟಿ ಬದುಕುವ ಜಾತಿ. ಬೇರಿನ ಮೇಲೆ ಸ್ಪಂಜಿನಂಥ ಬಿಳಿ ಪದರವಿದ್ದು, ಮಳೆ ಬಂದ ನಿಮಿಷದಲ್ಲಿ ನೀರು ಹೀರಿ ಆಮೇಲೆ ಗಾಳಿಗೆ ಒಣಗುತ್ತದೆ. ಒಣಗಲು ಬಿಡದಿದ್ದರೆ ಆ ಪದರ ಕೊಳೆತು ಒಳಗಿನ ದಾರದಂಥ ಎಳೆ ಮಾತ್ರ ಉಳಿಯುತ್ತದೆ. ಗಿಡವನ್ನು ಮೆಲ್ಲಗೆ ಅಲ್ಲಾಡಿಸಿದಾಗ ಕುಂಡದಲ್ಲಿ ಸಡಿಲವಾಗಿ ತೂಗಿದರೆ ಒಳಗೆ ಇದೇ ನಡೆದಿದೆ ಎಂದು ತಿಳಿಯಿರಿ.

ನಾಲ್ಕೈದು ಕಾಂಡದ ಗಿಡಕ್ಕೆ 4ರಿಂದ 5 ಇಂಚಿನ ಮಣ್ಣಿನ ಕುಂಡ ಸಾಕು, ಪಕ್ಕದಲ್ಲೂ ತೂತು ಇರುವಂಥದ್ದಾದರೆ ಉತ್ತಮ. ಗಿಡಕ್ಕೆ ಚಿಕ್ಕದೆನಿಸುವ ಕುಂಡವೇ ಸರಿಯಾದ ಕುಂಡ. ತಳಕ್ಕೆ ಹೆಂಚಿನ ಚೂರು, ಮೇಲೆ 2ರಿಂದ 3 ಸೆಂ.ಮೀ. ಗಾತ್ರದ ಇದ್ದಿಲು ಮೂರು ಪಾಲು, ತೆಂಗಿನಕಾಯಿ ಸಿಪ್ಪೆಯ ತುಂಡು ಒಂದು ಪಾಲು. ಸಿಪ್ಪೆಯನ್ನು ಮೂರು ದಿನ ನೆನೆಸಿ, ದಿನಾ ನೀರು ಬದಲಿಸಿ, ಕಂದು ಬಣ್ಣ ಬಿಡುವುದು ನಿಂತ ಮೇಲೆ ಬಳಸಿ. ಕರಾವಳಿಯಲ್ಲಿ ಸಿಪ್ಪೆ ಬಿಟ್ಟು ಬರೀ ಇದ್ದಿಲು-ಹೆಂಚು ಸಾಕು. ಕಲಬುರಗಿ, ರಾಯಚೂರಿನ ಒಣ ಹವೆಗೆ ಸಿಪ್ಪೆಯನ್ನು ಅರ್ಧಕ್ಕೆ ಏರಿಸಿ. ಕೋಕೋಪೀಟ್ ಬೇಡ. ಹೊಸದಾಗಿ ತಂದ ಗಿಡದ ಬೇರಿನ ನಡುವೆ ಅದರ ಮುದ್ದೆ ಇದ್ದರೆ ಹೂ ಮುಗಿದ ಮೇಲೆ ಬಿಡಿಸಿ ತೆಗೆಯಿರಿ.

ಕುಂಡ ಬದಲಿಸುವುದು ಎರಡು ವರ್ಷಕ್ಕೊಮ್ಮೆ. ಸಮಯ ನಿರ್ಧರಿಸುವುದು ಕ್ಯಾಲೆಂಡರ್ ಅಲ್ಲ, ಹೊಸ ಕುಡಿ. ಅದರ ಬುಡದಿಂದ ಹಸಿರು ತುದಿಯ ಬೇರು ಒಂದು ಸೆಂ.ಮೀ. ಇಣುಕಿದಾಗ ಮಾಡಿ, ಸಾಮಾನ್ಯವಾಗಿ ಫೆಬ್ರವರಿಯಿಂದ ಏಪ್ರಿಲ್ ನಡುವೆ. ಆಗ ಬೇರು ನೇರ ಹೊಸ ಇದ್ದಿಲಿಗೆ ಇಳಿಯುತ್ತದೆ. ಬೇರು ನಾಲ್ಕು ಇಂಚು ಬೆಳೆದ ಮೇಲೆ ಮಾಡಿದರೆ ಮುರಿದು ಒಂದು ಋತು ಕೈತಪ್ಪುತ್ತದೆ. ಕೊಳೆತ ಬೇರನ್ನು ಬೆಂಕಿಗೆ ಹಿಡಿದು ಆರಿಸಿದ ಕತ್ತರಿಯಿಂದ ತೆಗೆಯಿರಿ. ಹಳೆಯ ಕಾಂಡದ ಕಡೆ ಕುಂಡದ ಅಂಚಿಗೆ ಒತ್ತಿರಲಿ, ಹೊಸ ಕುಡಿಯ ಮುಂದೆ ಎರಡು ಇಂಚು ಜಾಗ ಬಿಡಿ. ಕುಡಿಯ ಬುಡ ಇದ್ದಿಲಿನ ಮೇಲೇ ಕಾಣಬೇಕು, ಹೂತರೆ ಕೊಳೆಯುತ್ತದೆ. ಬಿದಿರು ಕಡ್ಡಿ ನೆಟ್ಟು ಕಾಂಡಗಳನ್ನು ಅಲ್ಲಾಡದಂತೆ ಕಟ್ಟಿ. ಗಿಡ ಅಲ್ಲಾಡುತ್ತಿದ್ದರೆ ಹೊಸ ಬೇರಿನ ತುದಿ ಉಜ್ಜಿ ಸಾಯುತ್ತದೆ.

ನೀರು, ಗೊಬ್ಬರ

ನೀರು ಬೆಳಿಗ್ಗೆ ಹಾಕಿ, ಸಂಜೆಯೊಳಗೆ ಎಲೆಯ ಸಂದಿ ಒಣಗಿರಬೇಕು. ಒಣ ಬೇರು ಬೆಳ್ಳಿ ಬಿಳುಪು, ನೆನೆದದ್ದು ಹಸಿರು. ಮೊದಲ ಸುತ್ತಿನ ನೀರು ಹರಿದು ಹೋಗುತ್ತದೆ, ಹತ್ತು ನಿಮಿಷ ಬಿಟ್ಟು ಎರಡನೆಯ ಸುತ್ತು ಹಾಕಿದಾಗ ಬೇರು ಪೂರ್ತಿ ಹಸಿರಾಗುತ್ತದೆ. ಮತ್ತೆ ಬಿಳಿಯಾಗುವವರೆಗೆ ಕಾಯಿರಿ. ಬೇಸಿಗೆಯಲ್ಲಿ ಅದು ಒಂದೇ ದಿನವಾಗಬಹುದು, ಜುಲೈನ ಜಡಿಮಳೆಯಲ್ಲಿ ನಾಲ್ಕು ದಿನ, ಚಳಿಗಾಲದಲ್ಲಿ ವಾರಕ್ಕೆರಡು ಸಲ. ತಟ್ಟೆಯಲ್ಲಿ ನೀರು ನಿಲ್ಲಿಸಬೇಡಿ.

ಗಡಸು ಬೋರ್‌ವೆಲ್ ನೀರಾದರೆ ಇದ್ದಿಲಿನ ಮೇಲೆ ಬಿಳಿ ಪುಡಿ ಕಟ್ಟಿ ಬೇರಿನ ತುದಿ ಕಪ್ಪಾಗುತ್ತದೆ. ಮಳೆ ನೀರು ಅಥವಾ ಆರ್‌ಒ ನೀರು ಅರ್ಧ ಬೆರೆಸಿ. ನೀರಿನಲ್ಲಿ ಕರಗಿದ ಲವಣದ ಅಳತೆಯಾದ ಟಿಡಿಎಸ್ 200ರೊಳಗಿದ್ದರೆ ಚಿಂತೆಯಿಲ್ಲ. ಆರ್‌ಒ ಯಂತ್ರ ಹೊರಗೆ ಬಿಡುವ ನೀರು ಮಾತ್ರ ಈ ಗಿಡಕ್ಕೆ ಬೇಡ, ಅದರಲ್ಲಿ ಲವಣ ಇನ್ನೂ ಹೆಚ್ಚು.

ಹೊಸ ಕುಡಿ ಬೆಳೆಯುತ್ತಿರುವಷ್ಟು ಕಾಲ ವಾರಕ್ಕೊಮ್ಮೆ ನೀರಿನಲ್ಲಿ ಕರಗುವ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲು), ಲೀಟರಿಗೆ ಅರ್ಧ ಗ್ರಾಂ, ಬೇರು ನೆನೆದ ಮೇಲೆ. ತಿಂಗಳಲ್ಲಿ ಒಂದು ವಾರ ಗೊಬ್ಬರ ಬಿಟ್ಟು ಬರೀ ನೀರಿನಿಂದ ಕುಂಡ ಚೆನ್ನಾಗಿ ತೊಳೆಯಿರಿ. ಕಾಂಡದ ತುದಿಯಲ್ಲಿ ಚಿಕ್ಕದಾದ ಕೊನೆಯ ಎಲೆ ಬಂದು ಬೆಳವಣಿಗೆ ನಿಂತ ಮೇಲೆ ಸಾರಜನಕವಿಲ್ಲದ 0:52:34 ಗೊಬ್ಬರವನ್ನು ಅದೇ ಪ್ರಮಾಣದಲ್ಲಿ ಹದಿನೈದು ದಿನಕ್ಕೊಮ್ಮೆ ಕೊಡುವವರಿದ್ದಾರೆ. ಕೊಟ್ಟರೆ ತಪ್ಪಿಲ್ಲ, ಆದರೆ ಬೆಳಕಿನ ಕೊರತೆಯನ್ನು ಅದು ತುಂಬಿಕೊಡುವುದಿಲ್ಲ. ಅಕ್ಕಿ ತೊಳೆದ ನೀರು, ಬಾಳೆಸಿಪ್ಪೆಯ ನೀರು ಮನೆಯೊಳಗಿನ ಕುಂಡಕ್ಕೆ ಬೇಡ. ಗಂಜಿ ಇದ್ದಿಲಿನ ಸಂದಿಯಲ್ಲಿ ಹುಳಿತು ನೊಣ, ಬೂಷ್ಟು ತರುತ್ತದೆ.

ಮೊಗ್ಗು ಬಂದಾಗ

ಬಲಿತ ಕಾಂಡದ ಮೇಲಿನ ಗೆಣ್ಣಿನ ಪಕ್ಕ ಅಕ್ಕಿಕಾಳಿನಷ್ಟು ಉಬ್ಬು ಕಾಣುತ್ತದೆ. ಅದು ಹೂದಂಟು. ಆ ದಿನದಿಂದ ಕುಂಡ ತಿರುಗಿಸಬೇಡಿ, ಹೂಗಳು ಬೆಳಕಿನ ಕಡೆ ಮುಖ ಮಾಡಿ ಸಾಲಾಗಿ ನಿಲ್ಲುತ್ತವೆ, ತಿರುಗಿಸಿದರೆ ದಂಟು ಸೊಟ್ಟಗಾಗುತ್ತದೆ. ಮುಕ್ಕಾಲು ಹೂ ಅರಳಿದ ಮೇಲೆ ಹಾಲ್‌ಗೆ ತನ್ನಿ. ಆಗ ಬೆಳಕು ಕಡಿಮೆಯಾದರೂ ಆರೆಂಟು ವಾರ ನಿಲ್ಲುತ್ತವೆ.

ಮೊಗ್ಗು ಹಳದಿಯಾಗಿ ಉದುರಿದರೆ ಎ.ಸಿ. ಗಾಳಿ ನೇರ ಬಡಿಯುತ್ತಿದೆಯೇ, ಬೇರು ತೀರಾ ಒಣಗಿತ್ತೇ ನೋಡಿ. ಹಣ್ಣಿನ ಬುಟ್ಟಿಯನ್ನೂ ನೋಡಿ: ಮಾಗುವ ಬಾಳೆ, ಮಾವು ಬಿಡುವ ಎಥಿಲೀನ್ ಅನಿಲ ಪಕ್ಕದ ಮೊಗ್ಗುಗಳನ್ನು ಉದುರಿಸುತ್ತದೆ. ಹೂವಿನ ಅಂಚು ಕಂದಾಗಿ ಗೀರುಬಿದ್ದಿದ್ದರೆ ಅದು ಥ್ರಿಪ್ಸ್ ಎಂಬ ಸಣ್ಣ ರಸ ಹೀರುವ ಕೀಟದ ಕೆಲಸ.

ಹಿಟ್ಟು ತಿಗಣೆ ಕಾಂಡದ ಒಣ ಸಿಪ್ಪೆಯ ಅಡಿ ಅಡಗಿರುತ್ತದೆ. ಸಿಪ್ಪೆ ಬಿಡಿಸಿ ಸರ್ಜಿಕಲ್ ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ. ಉಳಿದ ಕೀಟಗಳಿಗೆ ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆ, ಎರಡು ಹನಿ ಸೋಪು ದ್ರಾವಣ, ಸಂಜೆ ಹೊತ್ತು. ಹೊಸ ಕುಡಿ ಕಪ್ಪಾಗಿ ಎಳೆದರೆ ಕೈಗೆ ಬಂದರೆ ಅದು ಕೊಳೆರೋಗ, ಕುಡಿಯಲ್ಲಿ ನೀರು ನಿಂತದ್ದರ ಫಲ. ಆರೋಗ್ಯದ ಭಾಗದವರೆಗೆ ಕತ್ತರಿಸಿ ಗಾಯಕ್ಕೆ ಚಕ್ಕೆ ಪುಡಿ ಒತ್ತಿ, ಬೇರಿಗೆ ತಾಗದಿರಲಿ. ಅಡಿಕೆ ತೋಟದ ಮನೆಗಳಲ್ಲಿ ಬೋರ್ಡೋ ದ್ರಾವಣ ಕೈಗೆ ಸಿಗುವಂತಿರುತ್ತದೆ, ಅದನ್ನು ಇದಕ್ಕೆ ಹೊಡೆಯಬೇಡಿ. ಅದರಲ್ಲಿರುವ ತಾಮ್ರ ಡೆಂಡ್ರೋಬಿಯಂಗೆ ಆಗಿಬರುವುದಿಲ್ಲ.

ಹೂ ಮುಗಿದ ದಂಟನ್ನು ಒಣಗಿದ ಮೇಲೆ ಬುಡಕ್ಕೆ ಕತ್ತರಿಸಿ. ಎಲೆ ಉದುರಿದ ಹಳೆಯ ಕಾಂಡ ಹಸಿರಾಗಿ ಗಟ್ಟಿಯಿದ್ದರೆ ಕತ್ತರಿಸಬೇಡಿ: ಹೊಸ ಕುಡಿಗೆ ಬೇಕಾದ ನೀರು, ಆಹಾರ ಅದರಲ್ಲೇ ಇದೆ, ಉಳಿದ ಗೆಣ್ಣಿನಿಂದ ಮುಂದಿನ ವರ್ಷ ಮತ್ತೆ ಹೂ ಬರಬಹುದು. ಕಾಂಡದ ಮೇಲೆ ಹೂವಿನ ಬದಲು ಬೇರು ಸಮೇತ ಮರಿಗಿಡ ಬಂದರೆ ಸಾಮಾನ್ಯವಾಗಿ ತಾಯಿಯ ಬೇರು ಕೆಟ್ಟಿರುತ್ತದೆ ಅಥವಾ ಸಾರಜನಕ ಹೆಚ್ಚಾಗಿರುತ್ತದೆ. ಮೊದಲು ಬುಡ ಪರೀಕ್ಷಿಸಿ. ಮರಿಯ ಎರಡು ಮೂರು ಬೇರು 5 ಸೆಂ.ಮೀ. ದಾಟಿದಾಗ ತಿರುಚಿ ಬಿಡಿಸಿ, 2 ಇಂಚಿನ ಕುಂಡದಲ್ಲಿ ಸಣ್ಣ ಇದ್ದಿಲಿಗೆ ನೆಡಿ. ಅದು ಹೂ ಬಿಡಲು ಎರಡು ವರ್ಷ ಹಿಡಿಯುತ್ತದೆ.